ಪೆಡಲ್ ಬಿಚ್ಚಿಟ್ಟು ಸೈಕಲ್ ಕಲಿಸುವ ನಮ್ಮಕ್ಕ

ನಮ್ಮಕ್ಕನಿಗೆ ಬಾಯಿ ಜೋರು. ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಕೆಲಸ ಅವಳದು. ಯಂತ್ರಗಳ ಗಲಾಟೆಯಲ್ಲಿ ಕೂಗಿ ಕೂಗಿ ಗಂಟಲು ಹೀಗಾಯಿತು ಅನ್ನುತ್ತಾಳೆ. ಸುಳ್ಳು! ತೊಟ್ಟಿಲಲ್ಲಿದ್ದಾಗಲೇ ಹಾಗಿದ್ದಳಂತೆ, ಅಮ್ಮ ಹೇಳುತ್ತಿದ್ದಳು. ಇಂಥ ಬಾಯಿಬಡುಕಿಯ ಹೊಟ್ಟೆಯಲ್ಲಿ ಊರಿನ ಅರ್ಧ ಹೆಂಗಸರ ಗುಟ್ಟು ಭದ್ರವಾಗಿದೆ ಎಂದರೆ ಯಾರು ನಂಬುತ್ತಾರೆ?

ಗುಟ್ಟು ಅಂಥ ಘನಂದಾರಿಯದೇನಲ್ಲ. ಬೆಳಿಗ್ಗೆ ಕಾಗದದ ಲಾರಿಗಳು ಬರುವ ಮುಂಚೆ, ಅಚ್ಚುಕೂಟದ ಹಿಂದಿನ ಸಿಮೆಂಟು ಅಂಗಳದಲ್ಲಿ, ಅಕ್ಕ ನಡುವಯಸ್ಸು ದಾಟಿದ ಹೆಂಗಸರಿಗೆ ಸೈಕಲ್ ಕಲಿಸುತ್ತಾಳೆ. ತಾನೂ ಮಕ್ಕಳು ತನ್ನೆತ್ತರ ಬೆಳೆದ ಮೇಲೆ ಕಲಿತವಳೇ. ಅಚ್ಚುಕೂಟವನ್ನು ಊರಾಚೆಗೆ ಸಾಗಿಸಿದಾಗ, ಬಸ್ಸಿಗೆ ಕಾದು ಕಾದು ಸಾಕಾಗಿ ಗುಜರಿಯಿಂದ ಒಂದು ಸೈಕಲ್ ತಂದಳು. ಅದಕ್ಕೆ ಪೆಡಲೇ ಇರಲಿಲ್ಲ. ಹೊಸದು ಹಾಕಿಸುವ ತನಕ ಸೀಟು ತಗ್ಗಿಸಿ, ಕಾಲಿನಿಂದ ನೆಲ ಒದೆಯುತ್ತಾ ಸಾಗಿದಳು. ಪೆಡಲ್ ಬರುವಷ್ಟರಲ್ಲಿ ಬ್ಯಾಲೆನ್ಸು ತಾನಾಗಿಯೇ ಬಂದಿತ್ತು. ಅಂದಿನಿಂದ ಅವಳ ಪಾಠ ಅದೇ. ಯಾರೇ ಬರಲಿ, ಮೊದಲು ಪೆಡಲ್ ಬಿಚ್ಚಿಡಬೇಕು.

ಇನ್ನೊಂದು ಕಟ್ಟಳೆ ಇತ್ತು. "ಬೀದೀಲಿ ಸಿಕ್ಕರೆ ನಾನ್ಯಾರೋ, ನೀನ್ಯಾರೋ. ನಾನಂತೂ ಯಾರಿಗೂ ಬಾಯಿಬಿಡಲ್ಲ" ಎಂದು ಮೊದಲ ದಿನವೇ ಮಾತು ಕೊಡುತ್ತಿದ್ದಳು. ಈ ವಯಸ್ಸಿನಲ್ಲಿ ಸೈಕಲ್ ಕಲಿಯುತ್ತಾರೆ ಎಂದು ಗೊತ್ತಾದರೆ ಗಂಡ ಆಡಿಕೊಳ್ಳುತ್ತಾನೆ, ಮಕ್ಕಳು ನಗುತ್ತಾರೆ ಎಂಬ ನಾಚಿಕೆ ಆ ಹೆಂಗಸರಿಗೆ. ಕಲಿತಾದ ಮೇಲೋ, ಹುಟ್ಟುತ್ತಲೇ ಸೈಕಲ್ ಏರಿ ಬಂದವರ ಹಾಗೆ ಬೀಗುತ್ತಾ ಹೋಗುತ್ತಿದ್ದರು. ಅಕ್ಕ ಎದುರಿಗೆ ಬಂದರೆ ಮುಖ ಆಚೆ.

"ಬೇಜಾರಾಗಲ್ವೇನೇ ನಿಂಗೆ?" ಎಂದು ಒಂದು ಸಂಜೆ ಕೇಳಿದೆ.

"ಆಗ್ದೇ ಏನು? ದುಡ್ಡು ಬೇಡ, ಹಾರ ತುರಾಯಿ ಬೇಡ. ಸಾಯೋದ್ರೊಳಗೆ ಒಬ್ಬಳಾದ್ರೂ ನಾಲ್ಕು ಜನರ ಮುಂದೆ 'ನಂಗೆ ಕಲಿಸಿದ್ದು ಇವಳು' ಅನ್ನಲಿ ಅನ್ಸುತ್ತೆ ಕಣೇ" ಎಂದಳು.

ಆಗಲೇ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಸುವ ತರಗತಿ ನಡೆಯುತ್ತಿತ್ತು. ನಾನೂ ಸೇರಿದ್ದೆ. ಕೊನೆಗೆ ಎಲ್ಲರೂ ಸೇರಿ ಒಂದೇ ಒಂದು ಕಿರುಚಿತ್ರ ಮಾಡಬೇಕು, ವಿಷಯ ನಮ್ಮ ಊರಿನದೇ ಆಗಿರಬೇಕು, ಅದನ್ನು ಮತ ಹಾಕಿ ಆರಿಸಬೇಕು. ಬ್ಯಾಂಕಿನ ಮ್ಯಾನೇಜರಮ್ಮ ಹಳೇ ಗಡಿಯಾರದ ಗೋಪುರ ಎಂದರು. ನಾನು ನಮ್ಮಕ್ಕ ಎಂದೆ.

"ಒಳ್ಳೇ ವಿಷಯ. ಆದ್ರೆ ಕಲಿತವರು ಒಬ್ಬರಾದ್ರೂ ಕ್ಯಾಮೆರಾ ಮುಂದೆ ಮಾತಾಡ್ಬೇಕಲ್ಲಮ್ಮ? ಮುಂದಿನ ವಾರ ಮತ. ಅಷ್ಟರೊಳಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು ಮೇಷ್ಟ್ರು.

ಅದೇನು ಮಹಾ ಎಂದುಕೊಂಡೆ. ಅಕ್ಕ ಯಾರ ಸುದ್ದಿಯನ್ನೂ ಹೇಳುವವಳಲ್ಲ, ಆದರೆ ಗುರುತು ನನಗೆ ಗೊತ್ತು. ಅವಳ ಶಿಷ್ಯೆಯರು ಎಷ್ಟು ಪಳಗಿದ್ದರೂ, ಹೊರಡುವಾಗ ಸೀಟಿನ ಮೇಲೆ ಕೂತೇ ನೆಲವನ್ನು ಎರಡು ಸಲ ಒದ್ದು, ಆಮೇಲೆ ಪೆಡಲಿಗೆ ಕಾಲಿಡುತ್ತಾರೆ. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ಹೊಂಚು ಹಾಕಿ ನಿಂತೆ. ಬಟ್ಟೆ ಹೊಲಿಯುವವಳೊಬ್ಬಳು ಸೈಕಲ್ ಹಿಡಿದು ಬಂದಳು.

"ನಮ್ಮಕ್ಕನ ಹತ್ರ ಕಲಿತದ್ದಲ್ವಾ ನೀವು?"

"ನಾನಾ? ನಂಗೆ ಸಣ್ಣೋಳಿದ್ದಾಗಿಂದ ಬರುತ್ತಪ್ಪ!" ಎಂದವಳೇ ನೆಲ ಎರಡು ಸಲ ಒದ್ದು ಹೊರಟೇ ಹೋದಳು. ಆಸ್ಪತ್ರೆಯ ನರ್ಸು "ನಮ್ಮಣ್ಣ ಕಲಿಸಿದ್ದು" ಎಂದಳು. ಅವಳಿಗೆ ಅಣ್ಣನೇ ಇಲ್ಲ, ನನಗೆ ಗೊತ್ತಿಲ್ಲವೇ! ಮೂರನೆಯವಳಂತೂ "ಯಾರು ನಿಮ್ಮಕ್ಕ?" ಎಂದು ನನ್ನನ್ನೇ ಕೇಳಿದಳು. ಮೈಯೆಲ್ಲ ಉರಿದುಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಜನ!

ಮತ ಹಾಕುವ ದಿನ ಬೇರೆ ದಾರಿ ಕಾಣದೆ ಅಕ್ಕನನ್ನೇ ಎಳೆದುಕೊಂಡು ಹೋದೆ. "ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ದಾರಿಯುದ್ದಕ್ಕೂ ಬೈದಳು. ಉಟ್ಟಿದ್ದು ಮಾತ್ರ ಒಳ್ಳೇ ಸೀರೆಯನ್ನೇ. ಓದುವ ಕೋಣೆಯಲ್ಲಿ ಪತ್ರಿಕೆಗಳ ಮೇಜನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮ್ಯಾನೇಜರಮ್ಮ ಒಳಗೆ ಬಂದವರು ಅಕ್ಕನನ್ನು ಕಂಡು ಒಂದು ಗಳಿಗೆ ನಿಂತರು, ಆಮೇಲೆ ಮುಂದಿನ ಸಾಲಿಗೆ ಹೋಗಿ ಕೂತರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಇಷ್ಟು ಜನರನ್ನು ನೋಡಿ ಹೆದರಿದ್ದಾಳೆ ಎಂದುಕೊಂಡೆ.

ಗೋಪುರದ ಬಗ್ಗೆ ಮ್ಯಾನೇಜರಮ್ಮ ಚೆನ್ನಾಗಿಯೇ ಮಾತಾಡಿದರು. ನನ್ನ ಸರದಿ ಬಂತು. "ಯಾರಾದ್ರೂ ಸಿಕ್ಕರಾ?" ಎಂದರು ಮೇಷ್ಟ್ರು. ಇಲ್ಲ ಎಂದೆ. ಹೆಂಡತಿಯ ಜೊತೆ ಬಂದಿದ್ದ ಔಷಧಿ ಅಂಗಡಿಯವರು ಕಿಸಕ್ಕನೆ ನಕ್ಕರು. "ಸೈಕಲ್ ಕಲಿಸೋದಕ್ಕೂ ಒಂದು ಸಿನಿಮಾನಾ? ಅದೂ ಕಲಿತವರೇ ಇಲ್ಲ!"

ನನಗೆ ತಡೆಯಲಿಲ್ಲ. "ಈ ಊರಿನ ಹೆಂಗಸರಿಗೆ ನಾಚಿಕೆ ಆಗ್ಬೇಕು!" ಎಂದು ಕಿರುಚಿದೆ.

ಅಕ್ಕ ನನ್ನ ತೋಳು ಚಿವುಟಿದಳು. "ಬಾಯ್ಮುಚ್ಚೇ! ನಾಚಿಕೆ ನುಂಗ್ಕೊಂಡೇ ನನ್ ಹತ್ರ ಬಂದೋರು ಅವರು. ಅವರನ್ನ ಬೈಬೇಡ." ಮೇಷ್ಟ್ರ ಕಡೆ ತಿರುಗಿ, "ಗೋಪುರದ್ದೇ ಮಾಡಿ ಸಾರ್, ನಾವ್ ಬರ್ತೀವಿ" ಎಂದು ಬಾಗಿಲ ಕಡೆ ನಡೆದಳು. ಅವಳಿಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಕೊಡಿಸಲು ನನ್ನಿಂದ ಆಗಲಿಲ್ಲವಲ್ಲ ಎಂದು ಅಳು ಬಂತು.

"ಸರಿ, ಗೋಪುರಕ್ಕೆ ಯಾರ್ಯಾರು? ಕೈ ಎತ್ತಿ" ಎಂದರು ಮೇಷ್ಟ್ರು. ಕೈಗಳು ಎದ್ದವು. ಮ್ಯಾನೇಜರಮ್ಮನ ಕೈ ಏಳಲಿಲ್ಲ. ಅವರೇ ಎದ್ದು ನಿಂತರು.

"ನಂಗೆ ಸೈಕಲ್ ಕಲಿಸಿದ್ದು ಇವರು."

ಅಕ್ಕ ಹೊಸ್ತಿಲಲ್ಲೇ ನಿಂತಳು.

"ಬ್ಯಾಂಕಲ್ಲಿ ನನ್ ಕಂಡ್ರೆ ಎಲ್ಲರೂ ಎದ್ದು ನಿಲ್ತಾರೆ. ಆ ಅಂಗಳದಲ್ಲಿ ನಾನು ಬಿದ್ದು ಕೂತು ಮಗು ಥರ ಅತ್ತಿದ್ದೀನಿ. ಇವರು ಯಾರಿಗೂ ಹೇಳಲಿಲ್ಲ. ಈಗ ಇವರ ಎದುರಿಗೇ ಗೋಪುರ ಗೋಪುರ ಅಂತ ಬಡ್ಕೊಂಡೆ, ಆಗಲೂ ಹೇಳಲಿಲ್ಲ. ಮಾತಾಡೋಕೆ ಒಬ್ಬರು ಬೇಕು ಅಂದ್ರಲ್ಲ ಸಾರ್? ನನ್ನ ಮುಖ ತೋರಿಸಿ."

ಪುಸ್ತಕ ಕೊಡುವ ಮೇಜಿನ ಹಿಂದಿನಿಂದ ಗ್ರಂಥಾಲಯದ ಗುಮಾಸ್ತೆ "ನಂಗೂ ಇವರೇ!" ಎಂದಳು. ಅಷ್ಟರಲ್ಲಿ ಔಷಧಿ ಅಂಗಡಿಯವರ ಹೆಂಡತಿಯೂ ಎದ್ದರು. "ನಂಗೂ."

ಗಂಡನ ಬಾಯಿ ತೆರೆದೇ ಉಳಿಯಿತು. "ಅಲ್ಲ ಕಣೇ, ದಿನಾ ವಾಕಿಂಗ್ ಅಂತಿದ್ದೆ?"

"ಹೂಂರೀ, ಅದೇ ವಾಕಿಂಗು!"

ಕೋಣೆಯೆಲ್ಲ ನಗು. ಗೋಪುರಕ್ಕೆ ಎತ್ತಿದ್ದ ಕೈಗಳೇ ಚಪ್ಪಾಳೆ ಹೊಡೆದವು. ಮತ ಎಣಿಸುವ ಗೋಜಿಗೆ ಮೇಷ್ಟ್ರು ಹೋಗಲಿಲ್ಲ. ನನಗಂತೂ ಕುಣಿಯಬೇಕು ಅನ್ನುವಷ್ಟು ಸಂತೋಷ.

ಅಕ್ಕ ಮಾತ್ರ ನಮಗೆ ಬೆನ್ನು ಮಾಡಿ ಬಾಗಿಲು ಹಿಡಿದು ನಿಂತಿದ್ದಳು. ಸೆರಗಿನಿಂದ ಕಣ್ಣು, ಮೂಗು ಎರಡನ್ನೂ ಚೆನ್ನಾಗಿ ಒರೆಸಿಕೊಂಡಳು. ಆಮೇಲೆ ತಿರುಗಿ, ಎಲ್ಲರೂ ಮೇಡಂ ಮೇಡಂ ಎನ್ನುವ ಆ ಹೆಂಗಸಿಗೆ ಬೆರಳು ತೋರಿಸಿದಳು.

"ನಾಳೆ ಬೆಳಿಗ್ಗೆ ಅಂಗಳಕ್ಕೆ ಬಾ ನೀನು. ಇಳಿಜಾರಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡೀತೀಯ. ದಿನಾ ನೋಡ್ತಾನೇ ಇದ್ದೀನಿ."

"ಬರ್ತೀನಿ ಅಕ್ಕಾ" ಎಂದರು ಮ್ಯಾನೇಜರಮ್ಮ, ಎಲ್ಲರಿಗೂ ಕೇಳುವ ಹಾಗೆ.