ಲ್ಯಾಟಿನ್ನಿನ ಆಕಳು

ಕಳೆದ ಭಾನುವಾರ ನಮ್ಮ ಮನೆಗೆ ಒಂದು ಗಡಿಗೆ ತುಪ್ಪ ಬಂತು. ಆಕಳ ತುಪ್ಪ, ಒಳ್ಳೆಯ ಘಮ. ಗಡಿಗೆಯ ಬಾಯಿಗೆ ಕಟ್ಟಿದ ಮುತ್ತುಗದ ಎಲೆಯನ್ನು ನಾನು ಇವತ್ತಿನವರೆಗೂ ಬಿಚ್ಚಿಲ್ಲ.

ತುಪ್ಪ ಕಂಡರೆ ಬಿಡುವ ಪೈಕಿ ನಾನಲ್ಲ. ಇದು ಚಳ್ಳಕೆರೆಗೆಲ್ಲ ಗೊತ್ತು. ನನ್ನ ಹೆಂಡತಿ ಗಂಗಮ್ಮ ಮೊಳಕಾಲ್ಮೂರಿನವಳು. ಕೋಪ ಬಂದರೆ ತೆಲುಗು ಆಡುತ್ತಾಳೆ, ಅಳು ಬಂದರೆ ಕನ್ನಡ. ಊಟಕ್ಕೆ ತುಪ್ಪ ಯಾಕೆ ಹಾಕಿಸಿಕೊಳ್ಳುತ್ತಿಲ್ಲ ಎಂದು ಎರಡು ದಿನ ತೆಲುಗಿನಲ್ಲಿ ಕೇಳಿದಳು. ಮೂರನೆಯ ದಿನ ಕನ್ನಡದಲ್ಲಿ ಕೇಳಿದಳು. ಆಮೇಲೆ ಕೇಳಲಿಲ್ಲ.

ತುಪ್ಪ ತಂದವನು ಪಾಪಯ್ಯ. ಕುದಾಪುರದ ಆಚೆ, ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿಗೆ ಅವನ ಹಟ್ಟಿ. ಮೂರು ತಿಂಗಳ ಹಿಂದೆ ಅವನ ಮಗಳು ಚಿನ್ನಕ್ಕ ಸಿಡುಬಿನಲ್ಲಿ ತೀರಿಕೊಂಡಳು. ಎಂಟು ವರ್ಷದ ಕೂಸು. ಅವಳು ಉಳಿಯಬಹುದಿತ್ತು. ಉಳಿಯದಂತೆ ಮಾಡಿದ್ದು ನನ್ನ ನಾಲಿಗೆ. ಹಾಗಿದ್ದೂ ಅವಳಪ್ಪ ನನಗೆ ತುಪ್ಪ ತಂದುಕೊಟ್ಟ. ಇದನ್ನು ಹೇಳಿಕೊಳ್ಳದೆ ಈ ವಾರ ಪತ್ರಿಕೆಗೆ ನನ್ನಿಂದ ಬೇರೇನೂ ಬರೆಯಲಾಗದು.

ನನ್ನ ಚಟ ನಿಮಗೆ ಹೊಸದಲ್ಲ. ಇಲ್ಲಿನ ಎ.ವಿ. ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು ನಾನು. ದುರ್ಗದಲ್ಲಿ ಒಮ್ಮೆ, ಊರು ಬಿಟ್ಟು ಹೊರಟಿದ್ದ ಬಿಳಿಯ ದೊರೆಯೊಬ್ಬನ ಸಾಮಾನು ಹರಾಜಾಗುವಾಗ, ಒಂದು ದಪ್ಪ ಡಿಕ್ಷನರಿ ನನ್ನ ಪಾಲಿಗೆ ಬಂತು. ಅಂದಿನಿಂದ ಮಾತಿನ ಬೇರು ಅಗೆಯುವ ಹುಚ್ಚು ಹಿಡಿಯಿತು. ಎಷ್ಟು ವಾರ ಇದೇ ಜಾಗದಲ್ಲಿ ನಿಮ್ಮ ತಲೆ ತಿಂದಿದ್ದೇನೆ! ನಂಬರು, ಕೋರ್ಟು, ಡಿಗ್ರಿ, ಪೆನ್ಸಿಲು, ಎಲ್ಲಕ್ಕೂ ಅಜ್ಜಿಮನೆ ಲ್ಯಾಟಿನ್. ಹಿಂದೆ ರೋಮಿನ ಜನ ಆಡುತ್ತಿದ್ದ ಭಾಷೆ. ಈಗ ಅದರಲ್ಲಿ ಜೋಗುಳ ಹಾಡಿ ಕೂಸನ್ನು ಮಲಗಿಸುವ ತಾಯಿ ಎಲ್ಲೂ ಇಲ್ಲ. ಆದರೂ ಸತ್ತಿತು ಅನ್ನಲಾದೀತೇ? ಇಟಾಲಿಯನ್, ಫ್ರೆಂಚು, ಪೋರ್ಚುಗೀಸು ಅದರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು. ಇಂಗ್ಲಿಷು ಸಾಕಿಕೊಂಡ ಮಗ. ಆ ಸಾಕುಮಗನ ಕೈಯಿಂದ ನಮ್ಮ ಸಂತೆಗೂ ಕಚೇರಿಗೂ ಅದರ ಮಾತುಗಳು ಬಂದು ಕೂತಿವೆ.

ಡಾಕ್ಟರ್ ಎಂದರೆ ಲ್ಯಾಟಿನ್ನಿನಲ್ಲಿ ಕಲಿಸುವವನು, ಅಂದರೆ ಮೇಷ್ಟ್ರು. (ಇದನ್ನು ನಮ್ಮೂರ ಡಾಕ್ಟರಿಗೆ ಹೇಳಿದೆ. ಅವರಿಗೆ ರುಚಿಸಲಿಲ್ಲ.)

ಈ ಹುಚ್ಚಿಗೆ ನನಗೆ ಸಿಕ್ಕ ಒಬ್ಬಳೇ ಒಳ್ಳೆಯ ಶಿಷ್ಯೆ ಚಿನ್ನಕ್ಕ. ಅವಳು ಸ್ಕೂಲಿಗೆ ಬಂದವಳಲ್ಲ. ಪಾಪಯ್ಯ ಕಾವಲಿನ ವಿಷಯವಾಗಿ ಅಮಲ್ದಾರರಿಗೆ ಒಂದು ಅರ್ಜಿ ಬರೆಸಲು ನನ್ನ ಬಳಿ ಬಂದಿದ್ದ. ಕೆಲಸವಾಯಿತು. ಆಮೇಲೆ ಸಂತೆಗೆ ಬಂದಾಗಲೆಲ್ಲ ಮಗಳನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದು ಕೂರುವುದು ವಾಡಿಕೆಯಾಯಿತು. ಪೆನ್ಸಿಲ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಬಾಲ ಎಂದು ಒಂದು ದಿನ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಒಂದು ಪೆನ್ಸಿಲು ಕೊಟ್ಟೆ. ಅವತ್ತಿನಿಂದ ಅದು ಅವಳ ಬಾಯಲ್ಲಿ ಬಾಲವೇ. ಸೆಪ್ಟೆಂಬರಿನ ‘ಸೆಪ್ಟೆಂ’ ಮತ್ತು ನಮ್ಮ ‘ಸಪ್ತ’ ನೆಂಟರು ಎಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ನೆಂಟರಾದರೆ ಇಷ್ಟು ದಿನ ಯಾಕೆ ಬಂದು ಹೋಗಿ ಮಾಡಲಿಲ್ಲ? ಹೈಸ್ಕೂಲು ಓದಿದ ನನ್ನ ಗೆಳೆಯರಾರೂ ಇಷ್ಟು ಚೆನ್ನಾದ ಪ್ರಶ್ನೆ ಕೇಳಿದವರಲ್ಲ.

ಪಾಪಯ್ಯ ಕಿಲಾರಿ. ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನೆಯವರು ಸತ್ತಂತೆ ಮಣ್ಣು ಮಾಡುತ್ತಾರೆ. ಅವನ ಮನೆತನದಲ್ಲಿ ಇನ್ನೊಂದು ಕಟ್ಟಳೆ: ಕರುವಿನ ಮೈಗೆ ಕಬ್ಬಿಣ ಸೋಕಬಾರದು. ಬರೆ ಹಾಕುವುದಿಲ್ಲ, ಕಿವಿ ಸೀಳುವುದಿಲ್ಲ. ದೇವರ ದನದ ಕರುವಾದರೂ ಅಷ್ಟೇ, ಯಾರ ಮನೆಯ ಕರುವಾದರೂ ಅಷ್ಟೇ. ಇದನ್ನು ನಮ್ಮ ಜಗಲಿಯಲ್ಲೇ ಕೂತು ಅವನೇ ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು ಏನು ಬಂತು?

ಸಂಕ್ರಾಂತಿ ಕಳೆದ ಮೇಲೆ ಮೊಳಕಾಲ್ಮೂರಿನ ಕಡೆ ಸಿಡುಬು ಕಾಣಿಸಿತು. ವರ್ಷವರ್ಷ ಬಂದು, ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕಿಹೋಗುವ ಸರ್ಕಾರದ ವ್ಯಾಕ್ಸಿನೇಟರು ಈ ಸಲವೂ ಬಂದರು. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಕಾವಲಿನ ಹಟ್ಟಿಯವರು ಒಂದು ವರ್ಷವೂ ಅವರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಪಾಪಯ್ಯ ಹಾಕಿಸಿದರೆ ಉಳಿದವರೂ ಹಾಕಿಸುತ್ತಾರೆ, ಪಾಪಯ್ಯ ನಿಮ್ಮ ಮಾತು ಮೀರುವುದಿಲ್ಲ, ಒಂದು ಸಲ ಬನ್ನಿ ಎಂದು ನನ್ನನ್ನು ಕೇಳಿಕೊಂಡರು.

ಹೋದೆ. ಗಾಡಿ ಕಟ್ಟಿಸಿಕೊಂಡು ಭಾನುವಾರ ಬೆಳಗ್ಗೆ ಹೋದೆ. ಪಾಪಯ್ಯ ಕಂಬಳಿ ಹಾಸಿ ಕೂರಿಸಿದ. ಅರ್ಧ ಗಂಟೆ ಮಾತಾಡಿದೆ. ಮೊಳಕಾಲ್ಮೂರಿನ ಸುದ್ದಿ ಹೇಳಿದೆ. ನನ್ನ ತೋಳಿನ ಹಳೆಯ ಗುರುತು ತೋರಿಸಿದೆ. ಅವನು ತಲೆ ತಗ್ಗಿಸಿ ಬಹಳ ಹೊತ್ತು ಯೋಚಿಸಿ, ಆಗಲಿ ಎಂದ. ಗೆದ್ದೆವು! ಚಿನ್ನಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗಿಯ ತೋಳು ಮೇಲಕ್ಕೆ ಸರಿಸಿದ. ವ್ಯಾಕ್ಸಿನೇಟರು ಪುಟ್ಟ ಚಾಕು ಒರೆಸಿ, ಪೆಟ್ಟಿಗೆಯಿಂದ ಗಾಜಿನ ಸಣ್ಣ ಕೊಳವೆ ತೆಗೆದರು.

ಆಗ ಚಿನ್ನಕ್ಕ ನನ್ನ ಕಡೆ ತಿರುಗಿದಳು. ಹೆದರಿಕೆ ಮರೆಯಲು ಇರಬೇಕು, ನಮ್ಮ ಹಳೆಯ ಆಟ ಶುರು ಮಾಡಿದಳು.

“ಇದಕ್ಕೆ ಏನಂತಾರೆ ಮೇಷ್ಟ್ರೆ? ಇದ್ರ ಬೇರು ಎಲ್ಲೈತೆ?”

ಸುಮ್ಮನಿರಬೇಕಿತ್ತು. ಆಮೇಲೆ ಹೇಳುತ್ತೇನೆ ಮಗಾ, ಮೊದಲು ಕೈ ನೀಡು ಎಂದರೆ ಸಾಕಿತ್ತು. ಆದರೆ ಬೇರು ಕೇಳಿದರೆ ನಾನು ಸುಮ್ಮನಿರುತ್ತೇನೆಯೇ? ಅದರಲ್ಲೂ ಎಂಥ ಬೇರು! ಇದರ ಹೆಸರು ವ್ಯಾಕ್ಸೀನ್ ಎಂದೆ. ಲ್ಯಾಟಿನ್ನಿನಲ್ಲಿ ‘ವಕ್ಕ’ ಎಂದರೆ ಆಕಳು, ನಿಮ್ಮ ಆಕಳೇ ಈ ಮದ್ದಿಗೆ ಹೆಸರು ಕೊಟ್ಟಿದ್ದಾಳೆ ಎಂದೆ. ಆಕಳನ್ನು ಪೂಜಿಸುವ ಜನ, ಕೇಳಿ ಹಿಗ್ಗುತ್ತಾರೆ ಎಂದುಕೊಂಡೆ.

ಹಿಗ್ಗಿದರು ಕೂಡ. ಪಾಪಯ್ಯನ ಮುಖ ಅರಳಿತು. ಸುತ್ತ ನಿಂತಿದ್ದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅವನು ಸಹಜವಾಗಿ ಕೇಳಿದ, ಮದ್ದಿಗೆ ಆಕಳ ಹೆಸರು ಯಾಕೆ ಇಟ್ಟರು ಎಂದು. ನಾನು ಕ್ಲಾಸಿನಲ್ಲಿ ನಿಂತವನ ಹಾಗೆ ಕೈ ಬೀಸಿಕೊಂಡು ಶುರು ಮಾಡಿದೆ. ಆಕಳ ಕೆಚ್ಚಲಿಗೆ ಬರುವ ಬೊಕ್ಕೆ ಹಾಲು ಕರೆಯುವವರ ಕೈಗೆ ಹತ್ತಿದರೆ ಅವರಿಗೆ ಸಿಡುಬು ಬರುವುದಿಲ್ಲ ಎಂದು ಇಂಗ್ಲೆಂಡಿನಲ್ಲಿ ಕಂಡುಕೊಂಡದ್ದು. ಅದಕ್ಕೇ ಈಗ ಎಳೆಗರುವಿನ ಹೊಟ್ಟೆಯ ಕೂದಲು ಬೋಳಿಸಿ, ಚಾಕುವಿನಿಂದ ಗೀರಿ, ಬೊಕ್ಕೆ ಎಬ್ಬಿಸಿ, ಅದರ ರಸ ತೆಗೆದು ಈ ಕೊಳವೆಗೆ ತುಂಬುವುದು. ವ್ಯಾಕ್ಸಿನೇಟರು ಹಿಂದಿನಿಂದ ನನ್ನ ಕೋಟು ಜಗ್ಗುತ್ತಿದ್ದರು. ನನಗೆ ಅದು ತಿಳಿಯುತ್ತಲೂ ಇತ್ತು. ಆದರೂ ವಾಕ್ಯ ಮುಗಿಸಿದೆ.

ಪಾಪಯ್ಯ ಮಗಳ ಅಂಗಿಯ ತೋಳನ್ನು ಕೆಳಕ್ಕೆ ಎಳೆದು ಮುಚ್ಚಿದ.

ಬೈಯಲಿಲ್ಲ, ಕೂಗಾಡಲಿಲ್ಲ. “ಬ್ಯಾಡ ಸಾಮೀ” ಎಂದ, ಅಷ್ಟೇ. ಆಮೇಲೆ ನಾನು ಎಷ್ಟು ಹೇಳಿದರೂ ಅವನದು ಅದೇ ಎರಡು ಮಾತು. ಕುಡಿಯಲು ಮಜ್ಜಿಗೆ ಕೊಟ್ಟು ಕಳಿಸಿದ.

ಗಾಡಿಯಲ್ಲಿ ಬರುವಾಗ ನಾನು ಸಮಜಾಯಿಷಿ ಹೇಳಲು ನೋಡಿದೆ. ಕೇಳಿದ್ದಕ್ಕೆ ನಿಜ ಹೇಳಿದೆ, ಸುಳ್ಳು ಹೇಳಬೇಕಿತ್ತೇ ಎಂದೆ. ವ್ಯಾಕ್ಸಿನೇಟರು ನನ್ನ ಕಡೆ ತಿರುಗಿದರು.

“ನಿಮ್ದು ನಿಜ ಹೇಳೋ ಹುಚ್ಚಲ್ಲ ಮೇಷ್ಟ್ರೆ. ಗೊತ್ತೈತೆ ಅಂತ ತೋರ್ಸ್ಕಳೋ ಹುಚ್ಚು.”

ಮೈ ಉರಿಯಿತು. ಸಂಬಳಕ್ಕೆ ದಾಕು ಹಾಕುವವನು ನನಗೆ ಬುದ್ಧಿ ಹೇಳುವುದೇ ಎನಿಸಿತು. ಆ ವಾರವೆಲ್ಲ ಅವರ ಮೇಲೆ ಸಿಟ್ಟಿನಲ್ಲೇ ಇದ್ದೆ. ಮುಂದಿನ ಭಾನುವಾರದ ಹೊತ್ತಿಗೆ ಸಿಟ್ಟು ಇಳಿದು ಹೆದರಿಕೆ ಹತ್ತಿತು. ಒಂದು ಸುಳ್ಳು ಸಿದ್ಧ ಮಾಡಿಕೊಂಡೆ: ನಾನು ತಪ್ಪು ಹೇಳಿದೆ ಪಾಪಯ್ಯ, ಅದು ಗಿಡಮೂಲಿಕೆಯ ರಸ, ಕರುವಿಗೂ ಅದಕ್ಕೂ ಸಂಬಂಧವಿಲ್ಲ. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡುತ್ತ ಹಟ್ಟಿಗೆ ಹೋದೆ.

ಹಟ್ಟಿ ಖಾಲಿ. ಒಲೆಯ ಬೂದಿ ತಣ್ಣಗಾಗಿತ್ತು. ದನ ಹೊಡೆದುಕೊಂಡು ಎಲ್ಲರೂ ಕಾವಲಿನ ಒಳಕ್ಕೆ ಹೋಗಿದ್ದರು. ದಾಕಿನವರು ಮತ್ತೆ ಬಂದಾರು ಎಂದು ಹೋಗಿದ್ದಾರೆ ಅಂತ ಪಕ್ಕದ ಹೊಲದವನು ಹೇಳಿದ. ಆಳೆತ್ತರ ಒಣಹುಲ್ಲು. ಅದರೊಳಗೆ ಎಲ್ಲಿ ಅಂತ ಹುಡುಕಲಿ? ಮಧ್ಯಾಹ್ನದವರೆಗೂ ಅಲೆದೆ. ಹೆಸರು ಹಿಡಿದು ಕೂಗಿದೆ. ವಾಪಸು ಬಂದೆ.

ಮುಂದಿನದನ್ನು ನಾನು ಸಂತೆಗೆ ಬಂದವರ ಬಾಯಲ್ಲಿ ಕೇಳಿದೆ. ಅಮ್ಮ ಬಂದದ್ದು ಆ ಹಟ್ಟಿಯಲ್ಲಿ ಚಿನ್ನಕ್ಕನಿಗೇ ಮೊದಲಂತೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ. ಅವಳವ್ವ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು, ಅಲ್ಲಿಂದ ಅರಿಶಿನದ ಭಂಡಾರ ತರಲು ನಡೆದೇ ಹೋಗಿದ್ದಳಂತೆ. ಅವಳು ತಿರುಗಿ ಬರುವುದರೊಳಗೆ ಮುಗಿದಿತ್ತು.

ಸುದ್ದಿ ಕೇಳಿ ಮನೆಗೆ ಬಂದು ಡಿಕ್ಷನರಿಯನ್ನು ಅಟ್ಟಕ್ಕೆ ಎಸೆದೆ. ಅದೇನು ತಪ್ಪು ಮಾಡಿತ್ತು ಪಾಪ? ಅದರಲ್ಲಿ ಇದ್ದದ್ದು ನಿಜವೇ. ಎರಡು ಪುಸ್ತಕ ಓದಿದ ನಮ್ಮಂಥವರಿಗೆ ಬಂದಿರುವ ರೋಗವೇ ಬೇರೆ. ಎದುರಿಗೆ ಕೂತವನು ಯಾರು, ಅವನು ಯಾವುದನ್ನು ನಂಬಿ ಬದುಕಿದ್ದಾನೆ, ಈ ಮಾತು ಅವನಿಗೆ ಈಗ ಬೇಕೋ ಬೇಡವೋ, ಒಂದನ್ನೂ ನೋಡುವುದಿಲ್ಲ. ನಮಗೆ ಗೊತ್ತಿದೆ, ಅದು ಅವನಿಗೆ ಗೊತ್ತಾಗಬೇಕು. ಕಚೇರಿಯಲ್ಲಿ, ಪಾಠಶಾಲೆಯಲ್ಲಿ, ಮದುವೆ ಪಂಕ್ತಿಯಲ್ಲಿ ನಾವು ಮಾಡುವುದು ಇದೇ ಅಲ್ಲವೇ? ಬಹುಮಟ್ಟಿಗೆ ಯಾರೂ ಸಾಯುವುದಿಲ್ಲ. ಹಾಗಾಗಿ ನಮಗೆ ತಿಳಿಯುವುದೂ ಇಲ್ಲ.

ಇಷ್ಟಾದ ಮೇಲೆ, ಕಳೆದ ಭಾನುವಾರ, ಪಾಪಯ್ಯ ಬಂದ.

ದೂರದಿಂದಲೇ ಅವನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೂ ಜಗಲಿಯಲ್ಲೇ ಕೂತೆ. ಅವನು ಯಾವಾಗಲೂ ಕೂರುವ ಜಾಗದಲ್ಲೇ ಕೂತ. ಪಕ್ಕದಲ್ಲಿ ಮಗಳ ಜಾಗ ಬಿಟ್ಟುಕೊಂಡೇ ಕೂತ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿದೆ. ಅವನು ಗಡಿಗೆಯನ್ನು ನನ್ನ ಮುಂದೆ ಸರಿಸಿದ. ಸೊಂಟದ ಪಟ್ಟಿಯಿಂದ ಬೆರಳುದ್ದದ ಪೆನ್ಸಿಲೊಂದನ್ನು ತೆಗೆದು ಅದರ ಪಕ್ಕ ಇಟ್ಟ. ಚಿನ್ನಕ್ಕನ ಬಾಲ.

“ಅವತ್ತು ನೀವು ಹೇಳ್ದೆ ಇದ್ದಿದ್ರೆ ನಾನು ಹಾಕಿಸ್‌ಬಿಡ್ತಿದ್ದೆ ಸಾಮೀ” ಎಂದ. “ಕರುವಿನ ಮೈ ಗೀರಿ ತೆಗ್ದಿದ್ದು ನನ್ ಕೂಸಿನ ಮೈಯಾಗೆ ಸೇರ್ತಿತ್ತು. ನನಗೆ ಗೊತ್ತೇ ಆಗ್ತಿರ್ಲಿಲ್ಲ. ಕೂಸು ಹೋತು. ಅಮ್ಮ ಕರ್ಕಂಡ್ಲು. ಆದ್ರೆ ನಮ್ ಕೈಯಾಗೆ ತಪ್ಪು ಆಗ್ಲಿಲ್ಲ. ಓದಿದೋರು ನಮಗೆ ಯಾರು ನಿಜ ಹೇಳ್ತಾರೆ? ನೀವು ಹೇಳಿದ್ರಿ.”

ಅಷ್ಟು ಹೇಳಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಒಳಗಡೆ ಗಂಗಮ್ಮ ಕನ್ನಡದಲ್ಲಿ ಏನೋ ಅಂದುಕೊಳ್ಳುತ್ತಿದ್ದದ್ದು ಕೇಳಿಸಿತು.

ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಮಾತಾಡಬಾರದಿದ್ದ ದಿನ ಅಷ್ಟು ಮಾತಾಡಿದ ಬಾಯಿ ಇದು. ಅವನು ಹೋದ ಮೇಲೆ ಆ ಪೆನ್ಸಿಲನ್ನು ಕೈಗೆತ್ತಿಕೊಂಡೆ. ಹಲ್ಲಿನಿಂದ ಕಚ್ಚಿದ ಗುರುತುಗಳಿದ್ದವು. ಈಗ ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಿಜ ಹೇಳಿದವನೆಂದು ಪಾಪಯ್ಯ ನನಗೆ ಕೈ ಮುಗಿದ. ನಾನು ಹೇಳಿದ್ದು ನಿಜಕ್ಕಾಗಿ ಅಲ್ಲ, ನನ್ನ ಲ್ಯಾಟಿನ್ ತೋರಿಸಿಕೊಳ್ಳಲು. ಈ ನಿಜವನ್ನೂ ಕಾವಲಿಗೆ ಹೋಗಿ ಅವನಿಗೆ ಹೇಳಿಬರಲೇ?