ಸೋಮಣ್ಣನಿಗೆ ಕುದುರಿಸಿಕೊಟ್ಟ ಒಂದು ಸಲ

ಹೊಸ ನೈಲಾನ್ ಹಗ್ಗದ ಸುರುಳಿ ಬಿಚ್ಚಿದಾಗ ಸೀಮೆಎಣ್ಣೆಯದೋ ಸುಟ್ಟ ಬಿಸಿಲಿನದೋ ಎಂದು ಹೇಳಲಾಗದ ಒಂದು ವಾಸನೆ ಏಳುತ್ತದೆ. ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಏಳುತ್ತದೆ, ನಾಲ್ಕು ಸಲವೂ ನಾನು ಪರ್ಕಳದ ಆ ಸಾಲುಮನೆಗೆ ಹೋಗಿ ಬರುತ್ತೇನೆ. ರಸ್ತೆ ಅಗಲವಾದಾಗ ಹೋದ ಮನೆ ಅದು. ಆರು ಕೋಣೆ, ಒಂದು ಬಾವಿ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಾವು ಮೂರನೆಯ ಕೋಣೆಯಲ್ಲಿದ್ದೆವು, ನಾಲ್ಕನೆಯದರಲ್ಲಿ ನೇಪಾಳದ ಶೆರ್ಪಾ ದಂಪತಿ. ಯಾಂಜಿ ಅಕ್ಕ ಮಣಿಪಾಲದ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಅವಳ ಗಂಡ ದಾವಾ ಹಗ್ಗಕ್ಕೆ ನೇತುಬಿದ್ದು ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವರ ಭಾಷೆಯಲ್ಲಿ ದಾವಾ ಅಂದರೆ ಸೋಮವಾರ ಎಂದು ತಿಳಿದ ದಿನವೇ ಅವ್ವ ಅವನನ್ನು ಸೋಮಣ್ಣ ಮಾಡಿಬಿಟ್ಟಳು.

ಈ ಸೋಮಣ್ಣ ಎವರೆಸ್ಟನ್ನು ಎಲ್ಲರಿಗಿಂತ ಬೇಗ ಹತ್ತಿದವನು. ದಾಖಲೆ ಅವನ ಹೆಸರಿನಲ್ಲಿತ್ತು. ಹಿಮಕ್ಕೆ ಎರಡು ಕಾಲ್ಬೆರಳು ಕೊಟ್ಟ ಮೇಲೆ, ಸಾಕು ಎಂದು ಯಾಂಜಿ ಅಕ್ಕ ಅವನನ್ನು ಈ ಕರಾವಳಿಗೆ ಎಳೆದು ತಂದಿದ್ದಳು. ಆದರೆ ಅವನ ಕಾಲು ನಿಲ್ಲಬೇಕಲ್ಲ! ಸೆಕೆಗೆ ಉಸಿರುಗಟ್ಟಿ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಭಾನುವಾರ ನಮ್ಮನ್ನು ಬಸ್ಸು ಹತ್ತಿಸಿ ಕಾರ್ಕಳಕ್ಕೆ ಕರೆದೊಯ್ದು, ನಾವು ಗೊಮ್ಮಟನ ಬೆಟ್ಟವನ್ನು ಒಮ್ಮೆ ಹತ್ತುವಷ್ಟರಲ್ಲಿ ತಾನು ಮೂರು ಸಲ ಹತ್ತಿಳಿದು, "ಇದು ಎಂತ ಬೆಟ್ಟ ಮಾರಾಯ್ತಿ, ಹೊಸ್ತಿಲು!" ಎಂದು ನಗುತ್ತಿದ್ದ.

ಒಂದು ದಿನ ಟೆಲಿಫೋನ್ ಬೂತಿನಿಂದ ಬಂದವನು ನಗಲಿಲ್ಲ. ಅವನ ಊರಿನವನೇ ಒಬ್ಬ ದಾಖಲೆ ಮುರಿದಿದ್ದ. ಅಂದಿನಿಂದ ಆ ಕೋಣೆಯಲ್ಲಿ ಬರೀ ಜಗಳ. ಅವನಿಗೆ ಎರಡು ವರ್ಷ ಬೇಕು: ಒಂದು ಮೈಯನ್ನು ಮತ್ತೆ ಎತ್ತರಕ್ಕೆ ಪಳಗಿಸಲು, ಇನ್ನೊಂದು ದಾಖಲೆಗಾಗಿ ಎವರೆಸ್ಟ್ ಓಡಿ ಹತ್ತಲು. ಅವಳು ಒಂದು ದಿನವನ್ನೂ ಕೊಡುವವಳಲ್ಲ. ಕೊನೆಗೆ ಮಾತೇ ನಿಂತಿತು.

ನನಗಾಗ ಹನ್ನೆರಡು. ಮೀನು, ಬಳೆ, ಬಕೆಟ್ಟು, ಸಾಲುಮನೆಯ ಎಲ್ಲರ ಚೌಕಾಸಿಯೂ ನನ್ನದೇ. "ಈ ಹುಡುಗಿಗೆ ನಾಲಗೆ ಅಲ್ಲ, ತಕ್ಕಡಿ ಉಂಟು" ಎಂದು ಮೀನಿನವಳೇ ಹೇಳಿದ್ದಳು. ಆ ಜಂಬದಲ್ಲಿ ಇಬ್ಬರನ್ನೂ ಬಾವಿಕಟ್ಟೆಯ ಮೇಲೆ ಕೂರಿಸಿದೆ.

"ಸೋಮಣ್ಣ, ನಿಂದು ಎರಡು ವರ್ಷ. ಅಕ್ಕಾ, ನಿಂದು ಸೊನ್ನೆ. ಒಂದಕ್ಕೆ ಮುಗಿಸಿ. ಒಂದೇ ಸಲ. ಬಂದ ಮೇಲೆ ಬೆಟ್ಟದ ಹೆಸರು ಎತ್ತಬಾರದು."

"ಏ ಶಾಂತಿ, ದೊಡ್ಡವರ ನಡುವ ನಿಂದೇನ?" ಅವ್ವ ಗದರಿದಳು.

"ಬಿಡಿ ಅವ್ವಾ, ಇವಳದ್ದೇ ಸರಿ," ಎಂದ ಸೋಮಣ್ಣ ನನ್ನ ಕೈ ಕುಲುಕಿದ. ಯಾಂಜಿ ಅಕ್ಕ ಬಾವಿಯೊಳಗೆ ನೋಡುತ್ತಲೇ, "ಒಂದೇ," ಎಂದಳು.

ಪಳಗಿಸುವ ವರ್ಷವನ್ನೇ ನಾನು ಕತ್ತರಿಸಿ ಹಾಕಿದ್ದೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವನೊಬ್ಬನಿಗೆ, ಅವನು ಹೇಳಲಿಲ್ಲ. ಎವರೆಸ್ಟಿನ ಮೇಲೆ ಚೆನ್ನಾಗಿಯೇ ಓಡಿದನಂತೆ. ತುದಿ ಕಾಣುವಷ್ಟು ಹತ್ತಿರದಲ್ಲಿ ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆಂದು ಕೂತವನು ಏಳಲಿಲ್ಲವಂತೆ.

ಕೊಡುಕೊಳ್ಳುವ ಮಾತಿನಲ್ಲೇ ಬದುಕು ಕಟ್ಟಿಕೊಂಡವಳು ನಾನು. ನಿಮಗೂ ಒಂದು ಮಾತು ಹೇಳುತ್ತೇನೆ, ಕೇಳಿ. ಎರಡು ಕಡೆಯವರೂ ಒಪ್ಪಿದರು ಎಂದ ಮಾತ್ರಕ್ಕೆ ವ್ಯಾಪಾರ ಸರಿಯಾಗುವುದಿಲ್ಲ. ಕೆಲವನ್ನು ಪೂರ್ತಿ ಕೊಡಬೇಕು, ಇಲ್ಲವೇ ಇಲ್ಲ ಎಂದುಬಿಡಬೇಕು.

ಯಾಂಜಿ ಅಕ್ಕ ಊರಿಗೆ ಹೊರಟ ದಿನ ಬೈಗುಳ ಕಾಯುತ್ತಾ ಬಾಗಿಲ ಹಿಂದೆ ನಿಂತಿದ್ದೆ. ಅವಳು ಹುಡುಕಿಕೊಂಡು ಬಂದು, ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಕಣ್ಣಲ್ಲಿ ನೀರು ಬರುವಷ್ಟು ಗಟ್ಟಿಯಾಗಿ ಎಳೆದು ಜಡೆ ಹಾಕಿದಳು. ಆ ಜಡೆ ತಾನಾಗಿಯೇ ಸಡಿಲವಾಗುವ ತನಕ ಬಿಚ್ಚಲು ನಾನು ಅವ್ವನಿಗೆ ತಲೆ ಕೊಡಲಿಲ್ಲ.