ಎಲಿ ಆಯಿಯ ಎಣಿಕೆ

ಎಲೆಯ ರಸ ಹತ್ತಿ ಹತ್ತಿ ಅವಳ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಸವಣೂರಿನಲ್ಲಿ ಬಸ್ ಹತ್ತಿದವಳೇ ಬುಟ್ಟಿಯ ಒದ್ದೆ ಬಟ್ಟೆ ಸರಿಸಿ, ತೊಟ್ಟುಗಳು ಒಂದೇ ಕಡೆ ಬರುವಂತೆ ವೀಳ್ಯದೆಲೆ ಎಣಿಸತೊಡಗುತ್ತಿದ್ದಳು. ಶಿಗ್ಗಾಂವ ಬರುವಷ್ಟರಲ್ಲಿ ಮಾರುವ ಕಟ್ಟುಗಳು ಸಿದ್ಧ. ಎಲ್ಲರೂ ಅವಳನ್ನು ಎಲಿ ಆಯಿ ಎನ್ನುತ್ತಿದ್ದರು.

ನಾನು ಶಿಗ್ಗಾಂವದಲ್ಲಿ ಹೈಸ್ಕೂಲ್ ಮಾಸ್ತರ. ಅದೇ ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ಗೊರಕೆ ಹೊಡೆಯುವುದು ನನ್ನ ನಿತ್ಯದ ಕೆಲಸ. ಎಂಟು ತಾಸು ಮಲಗಿದರೂ ಹೊಲ ಉತ್ತು ಬಂದವನಂತೆ ಏಳುತ್ತಿದ್ದೆ. ಪಾಠದ ನಡುವೆಯೇ ಕಣ್ಣು ಮುಚ್ಚುತ್ತಿದ್ದವು. ಮಕ್ಕಳ ಮುಂದೆ ನಾಚಿಕೆಯಾಗುತ್ತಿತ್ತು. ಗೊರಕೆಗೆ ಬೇಸತ್ತ ಹೆಂಡತಿ ಬೇರೆ ಖೋಲಿಯಲ್ಲಿ ಮಲಗುತ್ತಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದೆ.

ಗೊರಕೆ ನಿಂತರೆ ಕಂಡಕ್ಟರ್, "ಮಾಸ್ತರ್ರಿಗೆ ಈಗ ಛಲೋ ನಿದ್ದಿ ಹತ್ತಿತು ನೋಡ್ರಿ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಆಯಿ ನನ್ನನ್ನು ತಿವಿದು ಎಬ್ಬಿಸಿದಳು.

"ಮಾಸ್ತರ್ರ, ಗೊರಕಿ ಜೋಡಿ ನಿಮ್ಮ ಉಸಿರೂ ನಿಂತಿತ್ರಿ. ಇಪ್ಪತ್ತೆರಡು ಎಲಿ ಎಣಿಸಿದ್ನಿ. ಆಮ್ಯಾಲೆ ಕೆರಿಯಾಗ ಮುಳುಗಿ ಎದ್ದಂಗ ಉಸಿರು ಎಳಕೊಂಡ್ರಿ."

"ಗಾಢ ನಿದ್ದಿ ಇರಬೇಕು, ಆಯಿ."

"ನಮ್ಮ ಮನಿಯವರದೂ ಹಂಗ ಇತ್ತು. ಗೊರಕಿ ನಿಂತ್ರ ಛಲೋ ಆತು ಅಂತ ನಾನೂ ಮಲಗತಿದ್ನಿ. ಒಂದಿನ ಮತ್ತ ಶುರುವಾಗಲೇ ಇಲ್ಲ. ನಿದ್ದಿಯೊಳಗ ಹೋದ್ರು, ಪುಣ್ಯವಂತ್ರು ಅಂದ್ರು ಎಲ್ಲಾರೂ. ನಾನೂ ಅಂದ್ನಿ." ಅವಳ ಕೈ ಮಾತ್ರ ಎಣಿಸುತ್ತಲೇ ಇತ್ತು. "ದವಾಖಾನಿಗೆ ಹೋಗ್ರಿ."

ನಾನು ಹೋಗಲಿಲ್ಲ. ಅವಳು ದಿನಾ ಲೆಕ್ಕ ಹೇಳುವುದನ್ನು ಬಿಡಲಿಲ್ಲ. ಕೊನೆಗೊಮ್ಮೆ ಮೂವತ್ತು ಎಲೆಯ ಕಟ್ಟನ್ನು ನನ್ನ ತೊಡೆಯ ಮೇಲಿಟ್ಟಳು. "ಇವತ್ತ ಇಷ್ಟೊತ್ತು ಸತ್ತಿದ್ರಿ."

ಆ ಕಟ್ಟು ಹಿಡಿದೇ ಹುಬ್ಬಳ್ಳಿಗೆ ಹೋದೆ. ಉಸಿರು ನಿಂತದ್ದನ್ನು ಯಾರು ನೋಡಿದರು, ಎಷ್ಟು ಹೊತ್ತು ಎಂದು ಡಾಕ್ಟರ್ ಕೇಳಿದರು. "ಮೂವತ್ತು ಎಲಿ" ಎಂದೆ. ಅವರು ನಗಲಿಲ್ಲ. ಒಂದು ರಾತ್ರಿ ಮೈಗೆ ವೈರು ಹಚ್ಚಿ ಮಲಗಿಸಿ ಪರೀಕ್ಷಿಸಿದರು. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಮಲಗಿದ್ದರೂ ನಿದ್ದೆಯಿಲ್ಲ ಎಂದರು. ಆ ದಾರಿ ಮುಚ್ಚದಂತೆ ಗಾಳಿ ಒತ್ತುವ ಯಂತ್ರ, ದಿನಾ ರಾತ್ರಿ ಮೂಗಿಗೆ ಹಾಕಿಕೊಳ್ಳಲು ಮಾಸ್ಕ್ ಕೊಟ್ಟರು. ಒಂದು ತಿಂಗಳು ಅದರೊಂದಿಗೆ ಜಗಳವಾಡಿದೆ. ಆಮೇಲೆ ನಿದ್ದೆ ಬಂತು.

ಬಸ್ಸಿನಲ್ಲಿ ಎಚ್ಚರವಿರತೊಡಗಿದ ಮೇಲೆಯೇ ಆಯಿಯ ಮುಖವನ್ನು ಸರಿಯಾಗಿ ನೋಡಿದ್ದು. ಎಷ್ಟು ದಣಿದಿದ್ದಳು. "ಇನ್ನ ನಿಮ್ಮನ್ನ ಕಾಯೂದಿಲ್ರಿ" ಎಂದು ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು. ಅವಳ ಉಸಿರು ಸಮವಾಗಿತ್ತು. ಆದರೂ ಶಿಗ್ಗಾಂವದವರೆಗೆ ಎಣಿಸಿದೆ.

ಹೋದ ಚಳಿಗಾಲದಲ್ಲಿ ಜ್ವರ ಬಂದು ಆಯಿ ತೀರಿಕೊಂಡಳು. ಮಾಸ್ಕ್ ಕಿತ್ತೆಸೆಯಬೇಕೆನಿಸುವ ದಿನಗಳು ಈಗಲೂ ಇವೆ. ಆದರೆ ಪಕ್ಕದಲ್ಲಿ ಕುಳಿತು ಎಣಿಸುವವಳು ಇಲ್ಲ. ಹಾಕಿಕೊಂಡು ಮಲಗುತ್ತೇನೆ.